ಸೈಡಿಂಗಿನ ಮಾಣಿಕಪ್ಪ

ಒಂಟಿಗಾಲಿನ ಮೇಲೆ ನಿಂತು, ಬಿಸಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಒಂದು ಹನಿಯೂ ಚೆಲ್ಲದಂತೆ ಕುಡಿಯುವ ಮನುಷ್ಯನನ್ನು ನಾನು ಕಂಡದ್ದು ಒಬ್ಬನನ್ನೇ. ಆತ ಮಾಣಿಕಪ್ಪ. ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳ ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಶಾಲೆಯ ಗೇಟಿನ ಹತ್ತಿರ ಆತ ಹಾಗೆ ನಿಂತರೆ ಸಾಕು, ಮಕ್ಕಳು ಚೀಲ ಬಿಸಾಕಿ ಸಾಲಾಗಿ ಒಂಟಿಗಾಲಲ್ಲಿ ನಿಲ್ಲುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಗುಲ್ಬರ್ಗಾಕ್ಕೆ ಓಡಾಡಿ ಯೋಗ ಶಿಕ್ಷಣದ ಸರ್ಟಿಫಿಕೇಟ್ ತಂದವಳು ನಾನು. ತೊಂಬತ್ತರ ದಶಕದ ಕೊನೆಯ ದಿನಗಳು. ಹೆಡ್‌ಮಾಸ್ತರರು ದೊಡ್ಡ ತರಗತಿಗಳ ಯೋಗವನ್ನು ನನಗೆ ಕೊಟ್ಟು, ಚಿಕ್ಕ ಮಕ್ಕಳ ಯೋಗವನ್ನು ಆತನಿಗೆ ಒಪ್ಪಿಸಿದ್ದರು. ನನ್ನ ತಾಸು ಬಂದರೆ ಅರ್ಧ ತರಗತಿಗೆ ಹೊಟ್ಟೆನೋವು. ಆತನ ತಾಸಿಗೆ ಜ್ವರ ಬಂದವರೂ ಹಾಜರು. ಎರಡನೇ ತರಗತಿಯಲ್ಲಿದ್ದ ನನ್ನ ಸ್ವಂತ ಮಗಳು ಮನೆಯಲ್ಲಿ ಜಪಿಸುತ್ತಿದ್ದುದೂ ಮಾಣಿಕಪ್ಪ ಮುತ್ಯಾನ, ಅಂದರೆ ಮಾಣಿಕಪ್ಪ ಅಜ್ಜನ, ಮಾತನ್ನೇ.

ಆತನಿಗೆ ಆಸನಗಳ ಹೆಸರು ಒಂದೂ ಬರುತ್ತಿರಲಿಲ್ಲ. ತ್ರಿಕೋನಾಸನ ಎಂದರೆ ಸಿಗ್ನಲ್. ಪ್ರಾಣಾಯಾಮವೋ, ಕೇಳಲೇಬೇಡಿ. "ಉಸ್ರು ತಗೋರಿ, ಗಾಡಿ ಬರ್ಲಿಕತ್ತದ. ಈಗ ಬಿಡ್ರಿ, ಸಾವಕಾಶ. ಗೂಡ್ಸ್ ಗಾಡಿ ಅದ, ಗಡಿಬಿಡಿ ಯಾಕ?" ಕೊನೆಯಲ್ಲಿ ಅಂಗಾತ ಮಲಗುವ ಶವಾಸನಕ್ಕೆ ಆತ ಇಟ್ಟ ಹೆಸರು ಸೈಡಿಂಗ್. ಗಾಡಿಯನ್ನು ಮುಖ್ಯ ಹಳಿಯಿಂದ ಬದಿಗೆ ತಂದು ನಿಲ್ಲಿಸುವ ಜಾಗವದು. "ಎಲ್ಲಾರೂ ಸೈಡಿಂಗಿಗೆ ಹಾಕ್ರಪ್ಪಾ" ಎಂದರೆ ಇಡೀ ಕೋಣೆ ತೆಪ್ಪಗಾಗುತ್ತಿತ್ತು.

"ಶವಾಸನ ಅಂತ ಹೇಳ್ರಿ, ಅದು ಶಾಸ್ತ್ರದ ಹೆಸರು" ಎಂದು ಒಮ್ಮೆ ಎಲ್ಲರೆದುರೇ ತಿದ್ದಿದೆ.

"ಖರೇ ಅದ ಬಾಯಾರ. ಆದ್ರ ಹಳಿ ಮ್ಯಾಲ ನಾ ಹೆಣ ಭಾಳ ನೋಡೀನ್ರಿ. ಕೂಸಿಗಿ ಹೆಣದಾಂಗ ಬೀಳು ಅನ್ಲಿಕ್ಕ ನಾಲಿಗಿ ಏಳಂಗಿಲ್ರಿ."

ಮಕ್ಕಳೆದುರು ನನ್ನ ಮಾತು ಬಿದ್ದುಹೋಯಿತು. ಅದೇ ಸಿಟ್ಟಿನಲ್ಲಿ ಹೆಡ್‌ಮಾಸ್ತರರ ಕಿವಿಯಲ್ಲಿ ಊದಿದೆ. ಸರ್ಟಿಫಿಕೇಟ್ ಇಲ್ಲದವನ ಕೈಯಲ್ಲಿ ಮಗುವಿನ ಕತ್ತು ಉಳುಕಿದರೆ ಯಾರು ಜವಾಬ್ದಾರಿ ಎಂದೆ. ಮರುವಾರದಿಂದ ಆತ ಬರಲಿಲ್ಲ. ಗೆದ್ದೆನೆಂದು ಬೀಗಿದೆ, ಸುಳ್ಳೇಕೆ ಹೇಳಲಿ.

ಚಿಕ್ಕ ಮಕ್ಕಳ ಮೊದಲ ತರಗತಿಯಲ್ಲೇ ಶವಾಸನದ ಅರ್ಥ ಬಿಡಿಸಿ ಹೇಳಿದೆ. ಒಂದನೇ ತರಗತಿಯ ರೇಣುಕಾ ಧಡಕ್ಕನೆ ಎದ್ದು ಕೂತಳು. ಹಿಂದಿನ ವಾರವಷ್ಟೇ ಅವಳ ಅಜ್ಜಿ ತೀರಿಕೊಂಡಿದ್ದಳು.

"ನಾ ಹೆಣ ಆಗಲ್ರೀ!"

ಅವಳ ಅಳುವಿಗೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು, ನನ್ನ ಮಗಳೂ ಎದ್ದಳು. ಗದರಿಸಿದೆ, ರಮಿಸಿದೆ, ಯಾರೂ ಮಲಗಲಿಲ್ಲ. ಕಡೆಗೆ ಹಲ್ಲು ಕಚ್ಚಿಕೊಂಡು, "ಸೈಡಿಂಗಿಗೆ ಹಾಕ್ರಿ" ಎಂದೆ. ರೇಣುಕಾ ಮೂಗು ಒರೆಸಿಕೊಂಡು ಮಲಗಿದಳು. ಅಂದಿನಿಂದ ನನ್ನ ತರಗತಿಯಲ್ಲೂ ಅದೇ ಹೆಸರು ನಿಂತಿತು.

ಕೆಲವು ತಿಂಗಳ ನಂತರ ವಾಡಿ ಸ್ಟೇಷನ್ನಿನಲ್ಲಿ ಮಾಣಿಕಪ್ಪ ಸಿಕ್ಕ. ಮಗಳ ಮನೆಯಲ್ಲಿ ಇರಲೆಂದು ಸೇಡಂಗೆ ಹೊರಟಿದ್ದ.

"ಹುಡುಗ್ರು ಆರಾಮ ಅದಾರೇನ್ರಿ? ಕಡೀಕ ಏನಂದು ಮಲಗಸ್ತೀರಿ?"

"ಶವಾಸನ ಅಂತನೇ" ಎಂದೆ, ಮುಖ ನೋಡದೆ.

"ಮಲಗ್ತಾವಲ್ಲ, ಅಷ್ಟ ಸಾಕು ಬಿಡ್ರಿ" ಎಂದು ನಕ್ಕು ಗಾಡಿ ಹತ್ತಿದ. ಅದೇ ಕೊನೆಯ ಭೇಟಿ.

ಎರಡು ವರ್ಷಗಳ ನಂತರ ಆತ ತೀರಿಕೊಂಡ ಸುದ್ದಿ ಬಂತು. ಅದೇ ತಿಂಗಳು ಚಿತ್ತಾಪುರದಿಂದ ಅಧಿಕಾರಿಯೊಬ್ಬರು ತರಗತಿ ನೋಡಲು ಬಂದರು. ಸೈಡಿಂಗ್ ಎನ್ನುತ್ತಲೇ ಮಕ್ಕಳು ಮಲಗಿದ ಚಂದಕ್ಕೆ ಬೆರಗಾದರು.

"ಸೈಡಿಂಗ್! ಭಾಳ ಛಲೋ ಹೆಸ್ರು. ಯಾರ ತಲಿಗಿ ಹೊಳೀತ್ರಿ ಇದು?"

"ನನ್ನ ತಲಿಗೇ ಸರ್" ಎಂದೆ.

ಸಂಜೆ ಮನೆಗೆ ನಡೆಯುವಾಗ, ಆ ತರಗತಿಯಲ್ಲೇ ಇದ್ದ ಮಗಳು ನನ್ನ ಸೆರಗು ಹಿಡಿದು ಕೇಳಿದಳು. "ಸರ್ ಕೇಳಿದಾಗ ಮುತ್ಯಾನ ಹೆಸ್ರು ಮರ್ತಿದ್ದೇನವ್ವಾ?"

"ಹೂಂ, ಮರ್ತಿದ್ದೆ" ಎಂದೆ. ಮರೆತಿರಲಿಲ್ಲ. ಸತ್ತ ಮೇಲೂ ಆತನಿಗೆ ಅಷ್ಟನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.