ಹಳದಿ ಮುಲಾಮಿನ ಡಬ್ಬಿ

ರೂತಮ್ಮ ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದವರು. ನಾನು ಹುಣಸೂರಿಗೆ ಸೊಸೆಯಾಗಿ ಬಂದ ವಾರವೇ ಹಿತ್ತಲ ಬೇಲಿಯಾಚೆಯಿಂದ, "ಹಿಮ್ಮಡಿ ಒಡ್ದದೆ ಕಣವ್ವ, ಬಾ ಇಲ್ಲಿ" ಅಂದರು. ನನ್ನ ಹೆಸರು ಕೇಳಿದ್ದು ಎರಡು ತಿಂಗಳ ಮೇಲೆ. "ಮುಖ ಸುಳ್ಳಾಡ್ತದೆ, ಕಾಲು ಆಡಾಕಿಲ್ಲ" ಎಂಬುದು ಅವರ ಮಾತು.

ನಮ್ಮದು ವಿಭೂತಿ ಹಚ್ಚುವ ಮನೆ, ಅವರದು ಕ್ರೈಸ್ತರ ಮನೆ. ಆದರೂ ಅತ್ತೆ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿದ್ದುದು ಅದೊಂದೇ ಮನೆಗೆ. ಹಿಂದೊಮ್ಮೆ ಅತ್ತೆಯ ಸುಟ್ಟ ಕೈಯನ್ನು ರೂತಮ್ಮ ವಾಸಿ ಮಾಡಿದ್ದರಂತೆ.

ನಾನು ಬಂದ ಮೂರನೆಯ ವರ್ಷ ರೂತಮ್ಮನ ಕಾಲಿನಲ್ಲೇ ಹುಣ್ಣೆದ್ದಿತು. ಸೊಂಟ ಬಗ್ಗದೆ ಮಂಚ ಹಿಡಿದರು. ಊರಿಗೆಲ್ಲ ಪಟ್ಟಿ ಕಟ್ಟಿದ ಕೈಗೆ ತನ್ನ ಕಾಲೇ ಎಟುಕಲಿಲ್ಲ. ಮರದ ಡಿಪೋದಲ್ಲಿ ಕೆಲಸಕ್ಕಿದ್ದ ಮಗ ದಾನಿಯೇಲ ಆಗತಾನೇ ಹೊಸ ಪ್ರಾರ್ಥನಾ ಕೂಟವೊಂದನ್ನು ಸೇರಿದ್ದ. ಯೇಸುವಿನ ಗಾಯಗಳಿಂದಲೇ ನಮಗೆ ಗುಣವಾಗಿದೆ, ಇನ್ನು ಮದ್ದು ಮುಟ್ಟುವುದು ಅಪನಂಬಿಕೆ ಎಂಬುದು ಅವನ ಹಟ. ಹುಣ್ಣನ್ನು ಬಿಚ್ಚಿ ನೋಡುವುದೂ ಅಪನಂಬಿಕೆಯೇ. ತಾಯಿಯ ಮೇಲೆ ಪ್ರೀತಿ ಇಲ್ಲದವನಲ್ಲ; ಮೂರು ಹೊತ್ತೂ ಮಂಚದ ಪಕ್ಕ ಮಂಡಿಯೂರಿ ಅಳುತ್ತಿದ್ದ.

ರೂತಮ್ಮನ ಚರ್ಚಿನ ಪಾದ್ರಿ ಅಯ್ಯನವರು ಬಂದು, ಕೃಪೆ ಅನ್ನುವುದು ಪಾಪಕ್ಕೆ ಸಿಗುವ ಕ್ಷಮೆ, ಮೈಗೆ ವೈದ್ಯನನ್ನೂ ದೇವರೇ ಕೊಟ್ಟಿದ್ದಾನೆ ಅಂದರು. ಪಿರಿಯಾಪಟ್ಟಣದ ಕಥೋಲಿಕರ ಮನೆಗೆ ಕೊಟ್ಟಿದ್ದ ರೂತಮ್ಮನ ತಂಗಿ ಬಂದು, ನಮ್ಮ ಗುರುಗಳನ್ನು ಕರೆಸಿ ಪವಿತ್ರ ಎಣ್ಣೆ ಹಚ್ಚಿಸೋಣ, ಉಳಿದ ನೋವನ್ನು ಯೇಸುಸ್ವಾಮಿಯ ನೋವಿಗೆ ಸೇರಿಸಿ ಒಪ್ಪಿಸು ಅಂದಳು. ದಾನಿಯೇಲ ಇಬ್ಬರನ್ನೂ ಬಾಗಿಲಿನಿಂದಾಚೆ ಕಳಿಸಿದ. ಮೂವರೂ ಹೇಳುತ್ತಿದ್ದುದು ಒಂದೇ ಪುಸ್ತಕದ ಮಾತು.

"ನೀವೇನಂತೀರಿ ರೂತಮ್ಮೋರೆ?" ಅಂದೆ.

"ಸ್ವಾಮಿ ಕುರುಡನ ಕಣ್ಗೆ ಮಣ್ ಕಲ್ಸಿ ಹಚ್ನಿಲ್ವಾ? ದಾರೀಲಿ ಬಿದ್ದಿದ್ದೋನ ಗಾಯಕ್ಕೆ ಆ ಸಮಾರ್ಯದೋನು ಎಣ್ಣೆ ಉಯ್ದು ಪಟ್ಟಿ ಕಟ್ನಿಲ್ವಾ? ನಂಗೆ ಆ ಪುಸ್ತಕ್ದಲ್ಲಿ ಪಟ್ಟೀನೇ ಕಾಣ್ತದೆ ಕಣವ್ವ. ಪೆಟ್ಟಿಗೇಲಿ ಹಳದಿ ಮುಲಾಮೈತೆ, ತಗಿ."

ಮಗ ಡಿಪೋಗೆ ಹೋದ ಮೇಲೆ ದಿನಾ ಮಧ್ಯಾಹ್ನ ನಾನು ಹುಣ್ಣು ತೊಳೆದು ಹಚ್ಚಿದೆ. ಡಬ್ಬಿಯನ್ನು ನಮ್ಮನೆಯ ದೇವರ ಗೂಡಿನಲ್ಲಿ ವಿಭೂತಿಯ ಹಿಂದೆ ಬಚ್ಚಿಟ್ಟೆ. ತಿಂಗಳೊಳಗೆ ಕೀವು ನಿಂತಿತು, ವಾಸನೆ ಹೋಯಿತು. ದಾನಿಯೇಲ ಕುಣಿದಾಡಿದ. ಅಂಗಳದಲ್ಲೇ ಕೂಟ ಕರೆದು, ಮದ್ದಿಲ್ಲದೆ ದೇವರೇ ಗುಣ ಮಾಡಿದನೆಂದು ಸಾಕ್ಷಿ ಹೇಳುತ್ತೇನೆಂದ.

ರೂತಮ್ಮ ನನ್ನ ಕೈ ಹಿಡಿದುಕೊಂಡರು. "ನಿಜ ಯೋಳಿದ್ರೆ ಮಗನ್ ಮಾನ ಓಯ್ತದೆ. ಯೋಳ್ದಿದ್ರೆ ಇನ್ಯಾರೋ ಮದ್ದು ಬುಟ್ಟು ಸಾಯ್ತಾರೆ. ಎತ್ಲಾಗೆ ಓಗ್ಲಿ ಕಣವ್ವ?"

ಸುಮ್ಮನಿದ್ದುಬಿಡಿ ಅಂದೆ. ಹುಣ್ಣು ಮುಟ್ಟಿದ ಕೈಯಲ್ಲಿ ದೇವರ ಗೂಡು ಮುಟ್ಟಿದ್ದು ತಿಳಿದೀತೆಂದು ನನಗೆ ಅತ್ತೆಯ ಹೆದರಿಕೆ. ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕೂಟದ ದಿನ ಮಂಚವನ್ನೇ ಅಂಗಳಕ್ಕೆ ತಂದಿದ್ದರು. ನಾನು ಬೇಲಿಯ ಮರೆಯಲ್ಲಿ ನಿಂತಿದ್ದೆ. ದಾನಿಯೇಲನ ಸಾಕ್ಷಿ ಮುಗಿಯುತ್ತಿದ್ದಂತೆ ಕಂಪಲಾಪುರದ ಬಸುರಿ ಹೆಂಗಸೊಬ್ಬಳು ಸೆರಗಿನಿಂದ ಔಷಧಿ ಸೀಸೆ ತೆಗೆದು, ಬಿರಡೆ ಬಿಚ್ಚಿ, ಚೆಲ್ಲಲು ಬಗ್ಗಿದಳು.

"ತಡಿಯವ್ವ!" ರೂತಮ್ಮ ಕೂಗಿ ಕಾಲಿನ ಮೇಲಿನ ಕಂಬಳಿ ಎಳೆದರು. ಮುಲಾಮು ಎಲ್ಲರಿಗೂ ಕಂಡಿತು. "ದೇವ್ರು ವಾಸಿ ಮಾಡ್ದ, ದಿಟ. ಮದ್ದಲ್ಲೇ ಮಾಡ್ದ. ಚೆಲ್ಬ್ಯಾಡ."

ಹೆಂಗಸು ಬಿರಡೆ ಹಾಕಿಕೊಂಡಳು. ದಾನಿಯೇಲ ತಲೆ ಎತ್ತಲಿಲ್ಲ. ಹಚ್ಚಿದವರು ಯಾರೆಂದು ಎಷ್ಟು ಕೇಳಿದರೂ ರೂತಮ್ಮ ಬಾಯಿ ಬಿಡಲಿಲ್ಲ.

ಆ ವಾರವೇ ಅವನು ತಾಯಿಯನ್ನು ಗಾಡಿಯಲ್ಲಿ ಹಾರನಹಳ್ಳಿಗೆ, ಕೂಟದವರ ಮನೆಯೊಂದಕ್ಕೆ ಸಾಗಿಸಿದ. ಅಲ್ಲಿ ಕದ್ದು ಮದ್ದು ಹಚ್ಚುವ ನೆರೆಯವರಿರಲಿಲ್ಲ. ಗಾಡಿ ಹೊರಡುವಾಗ ರೂತಮ್ಮ ನನ್ನ ಕಾಲನ್ನೇ ನೋಡುತ್ತಿದ್ದರು. ಮುಖ ನೋಡಿದರೆ ನನ್ನ ಗುಟ್ಟು ಹೊರಬಿದ್ದೀತೆಂದು ಹೆದರಿದ್ದರು.

ಐದಾರು ತಿಂಗಳ ಮೇಲೆ ದಾನಿಯೇಲ ಒಬ್ಬನೇ ನಮ್ಮ ಹಿತ್ತಲಿಗೆ ಬಂದ.

"ಅವ್ವ ತೀರೋದ್ಲು ಕಣಕ್ಕ. ಹುಣ್ಣು ಮತ್ತೆ ಎದ್ದಿತ್ತು. ಕೊನೇಗೆ, ಡಬ್ಬಿ ನಿಮ್ಮತ್ರ ಅದೆ, ಓಗಿ ತತ್ತಾ ಅಂದ್ಲು. ನಾ ಬರ್ನಿಲ್ಲ." ಆಮೇಲೆ ಕೇಳಿದ, "ಹಚ್ಚಿದ್ರೆ ಉಳೀತಿದ್ಲಾ?"

ಉಳಿಯುತ್ತಿದ್ದರು ಅಂದರೆ ಅವನು ಮತ್ತೆ ಚೇತರಿಸಿಕೊಳ್ಳಲಾರ. ಇಲ್ಲ ಅಂದರೆ ರೂತಮ್ಮನಿಗೆ ದ್ರೋಹ. ತಲೆ ತಗ್ಗಿಸಿದಾಗ ಅವನ ಕಾಲು ಕಂಡಿತು. ಹಾರನಹಳ್ಳಿಯಿಂದ ನಡೆದೇ ಬಂದಿದ್ದ; ಹೆಬ್ಬೆರಳು ಎಡವಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

ಒಳಗೆ ಹೋಗಿ ಗೂಡಿನಿಂದ ಡಬ್ಬಿ ತಂದೆ. ಅತ್ತೆ ನೋಡುತ್ತಲೇ ಇದ್ದರು.

"ಕಾಲ್ ಈಚೆ ಕೊಡಿ ದಾನಿಯಣ್ಣ" ಅಂದೆ.

ಎಷ್ಟೋ ಹೊತ್ತಿನ ಮೇಲೆ ಅವನು ಕಾಲು ಮುಂದಿಟ್ಟ.