ರೋಲರಿಗಿಟ್ಟ ಕುಂಕುಮ

ನನ್ನ ಮಗಳು ವಿಶ್ವವಿದ್ಯಾಲಯದಲ್ಲಿ ಕಾಗದಕ್ಕೆ ಬಳಿಯುವ ಒಂದು ಲೇಪ ಕಂಡುಹಿಡಿದಿದ್ದಾಳೆ. ದೊನ್ನೆ, ತಟ್ಟೆಗಳ ಒಳಗೆ ಅಂಟಿಸುವ ಪ್ಲಾಸ್ಟಿಕ್ ಬದಲು ಇದನ್ನು ಬಳಿದರೆ ಸಾಕು, ಎಣ್ಣೆ ನೀರು ಇಳಿಯುವುದಿಲ್ಲ. ಮುಸುಕಿನ ಜೋಳದ ಗಂಜಿಯಿಂದ ಮಾಡಿದ್ದು; ತಿಪ್ಪೆಗೆ ಬಿದ್ದರೆ ಮಣ್ಣಾಗುತ್ತದೆ. ಲ್ಯಾಬಿನಲ್ಲಿ ಗೆದ್ದಿತ್ತು, ದೊಡ್ಡ ಯಂತ್ರದಲ್ಲಿ ಗೆಲ್ಲಬೇಕಿತ್ತು. ಹಾಸನದ ದೊನ್ನೆ ಕಾರ್ಖಾನೆಯವರು ಒಂದು ದಿನ ಯಂತ್ರ ಬಿಟ್ಟುಕೊಡಲು ಒಪ್ಪಿದರು. ಅವತ್ತು ಸರಿಬಂದರೆ ಅವರ ದೊನ್ನೆಗೆಲ್ಲ ಇದೇ ಲೇಪ. ಇಲ್ಲದಿದ್ದರೆ ಅವಳ ಇಷ್ಟು ವರ್ಷದ ಕೆಲಸ ಬೀರು ಸೇರುತ್ತಿತ್ತು.

ಪುಳಿಯೋಗರೆ ಡಬ್ಬಿ ಹಿಡಿದು ಚನ್ನರಾಯಪಟ್ಟಣದಿಂದ ನಾನೂ ಜೊತೆಗೆ ಹೊರಟೆ. ಆತಂಕವಿದ್ದರೆ ಮಗಳಿಗೆ ಊಟದ ನೆನಪೇ ಇರುವುದಿಲ್ಲ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಅದನ್ನೇ ಶುಭಶಕುನ ಎಂದುಕೊಂಡೆ.

ಮಗಳು ಲೇಪ ಬಳಿಯುವ ರೋಲರನ್ನು ಒಂದು ಕಣ ಧೂಳಿಲ್ಲದಂತೆ ಒರೆಸಿಟ್ಟು, ಲೇಪ ಕಲಸಲು ಒಳಗೆ ಹೋದಳು. ಅಷ್ಟರಲ್ಲಿ ಮಾಲೀಕರು ಬಂದು, ಹೊಸ ಕೆಲಸಕ್ಕೆ ಮುಂಚೆ ಮಾಡುವಂತೆ ಊದುಬತ್ತಿ ಬೆಳಗಿ, ರೋಲರಿಗೇ ಕುಂಕುಮ ಇಟ್ಟು ಕೈಮುಗಿದರು. ನಾನೂ ಮುಗಿದೆ. ಯಾರಿಗೂ ಬೇರೇನೂ ಹೊಳೆಯಲಿಲ್ಲ.

ಮಗಳು ಲೇಪ ತಂದು ಸುರಿದಳು, ಒರೆಸಿಟ್ಟ ರೋಲರನ್ನು ಮತ್ತೆ ನೋಡಲಿಲ್ಲ. ಯಂತ್ರ ತಿರುಗಿತು. ಕಾಗದ ಒಣಗಿ ಹೊರಬಂದರೆ ಮೊಳಕ್ಕೊಂದು ಕೆಂಪು ಮಚ್ಚೆ.

"ಯಾವನ್ಲಾ ರೋಲರ್‌ಗೆ ಕುಂಕುಮ ಮಡಗ್ದೋನು?" ಮಾಲೀಕರು ಗದರಿದರು.

"ನೀವೇ ಸಾ," ಎಂದ ಯಂತ್ರ ಓಡಿಸುವವನು.

ನಾನು ಮನೆದೇವರನ್ನು ನೆನೆದೆ. ಮಗಳು ಮಚ್ಚೆ ಬಿದ್ದ ಕಡೆಯೇ ಒಂದು ತುಂಡು ಕತ್ತರಿಸಿ, ಒದ್ದೆ ಬಟ್ಟೆಯಿಂದ ಗಸಗಸ ತಿಕ್ಕಿದಳು. ಬಟ್ಟೆ ಬೆಳ್ಳಗೇ ಉಳಿಯಿತು. ನೀರೂ ತಾಕದಂತೆ ಕುಂಕುಮ ಲೇಪದೊಳಗೆ ಸೆರೆಯಾಗಿತ್ತು.

"ಅಮ್ಮಾ, ಡಬ್ಬಿ ಕೊಡಿಲ್ಲಿ," ಎಂದಳು. ಮಚ್ಚೆಯಿಲ್ಲದ ಕಾಗದವನ್ನು ದೊನ್ನೆಯಂತೆ ಮಡಿಸಿ, ಎಣ್ಣೆ ಜಿನುಗುವ ಪುಳಿಯೋಗರೆ ಹಾಕಿ ಮಾಲೀಕರ ಕೈಗಿಟ್ಟಳು. ಅವರು ನಿಧಾನವಾಗಿ ತಿಂದು, ದೊನ್ನೆಯ ತಳವನ್ನು ತಮ್ಮ ಬಿಳಿ ಪಂಚೆಗೇ ಉಜ್ಜಿ ನೋಡಿದರು. ಕಲೆಯಿಲ್ಲ.

"ನಾಳಿಂದ ಇದ್ನೇ ಓಡ್ಸನ ಕಣವ್ವ. ಕುಂಕುಮಾನ ಇನ್ಮ್ಯಾಕೆ ಬಾಗ್ಲಿಗೆ ಇಕ್ತೀನಿ," ಎಂದರು. ನನ್ನ ಕಡೆ ತಿರುಗಿ, "ಇನ್ನೊಂಚೂರು ಐತಾ ಅಕ್ಕಾ?"

ಡಬ್ಬಿ ಖಾಲಿಯಾಯಿತು. ಮಗಳಿಗೆ ಉಳಿದದ್ದು ಎರಡೇ ತುತ್ತು. ಅವತ್ತು ಅವಳಿಗೆ ಅಷ್ಟೇ ಸಾಕಾಯಿತು.

ಆ ಮಚ್ಚೆಯ ಕಾಗದ ಈಗ ನಮ್ಮ ದೇವರಮನೆಯಲ್ಲಿ ದೀಪದ ಕೆಳಗಿದೆ. ಮೊದಲು ಎಣ್ಣೆ ಇಳಿದು ಮಣೆ ಜಿಡ್ಡಾಗುತ್ತಿತ್ತು. ಈಗ ಮನೆಗೆ ಬಂದವರಿಗೆಲ್ಲ ದೀಪ ಸರಿಸಿ, ಕಾಗದ ಎತ್ತಿ, ಜಿಡ್ಡಿಲ್ಲದ ಮಣೆಯನ್ನು ಮುಟ್ಟಿಸುತ್ತೇನೆ.