ಐಬು ಮೊದಲು ಹೇಳುವ ಮಕ್ತುಮ ಕಾಕಾ

ಮಕ್ತುಮ ಕಾಕಾ ಕುರಿ ಮಾರುವಾಗ ಮೊದಲು ಅದರ ಐಬು ಹೇಳುತ್ತಿದ್ದರು. ಮರಾಠಿ ಗಡಿಯ ಜತ್ತದ ಸಂತೆಯಲ್ಲಿ ಬೇರೆ ವ್ಯಾಪಾರಿಗಳು ಟಗರಿನ ಮೈ ತೊಳೆದು, ಕೊರಳಿಗೆ ಗೊಂಡೆ ಕಟ್ಟಿ, “ಹುಲಿ ಅದರಿ ಹುಲಿ” ಎಂದು ಕೂಗುತ್ತಿದ್ದರೆ, ಇವರು ಗಿರಾಕಿ ಹತ್ತಿರ ಬಂದೊಡನೆ ಕುರಿಯ ಬಾಯಿ ಅಗಲಿಸಿ ತೋರಿಸುತ್ತಿದ್ದರು. “ಹಲ್ಲ ಸವದಾವ್ರಿ. ಹಿಂದಿನ ಬಲಗಾಲ ಸ್ವಲ್ಪ ಎಳೀತದ. ಇಷ್ಟ ಕೇಳಿ ಮನಸ್ಸಿದ್ರ ಮುಂದ ಮಾತಾಡೂಣು.”

ನನ್ನಪ್ಪ ನಮ್ಮೂರು ಸಂಖದಿಂದ ಅಷ್ಟು ದೂರ ಹೋಗಿ ಅವರಲ್ಲೇ ಕುರಿ ಕೊಳ್ಳುತ್ತಿದ್ದ. “ಮಕ್ತುಮಣ್ಣಾ, ಹಿಂಗಾದ್ರ ನಿಂದ ಯಾಪಾರ ಹ್ಯಾಂಗ ನಡೀಬೇಕು?” ಎಂದು ಕಾಡಿಸಿದರೆ ಕಾಕಾ ಗಡ್ಡ ನೀವಿಕೊಂಡು, “ಐಬ ಹೇಳಿ ಮಾರಿದ್ರ ಕುರಿ ತಿರಗಿ ಬರಾಂಗಿಲ್ಲ, ಗಿರಾಕಿ ತಿರಗಿ ಬರ್ತಾನ” ಅನ್ನುವರು. ಕುಣಿಕೋಣೂರಿನ ಈ ತೆಳ್ಳನೆಯ ಉದ್ದ ಮನುಷ್ಯ ಜನರನ್ನೂ ಕುರಿ ನೋಡಿದಂತೆಯೇ ನೋಡುತ್ತಿದ್ದರು. ಮಾತಾಡಿಸುವ ಮೊದಲು ನಮ್ಮ ಕಣ್ಣಿನ ಕೆಳರೆಪ್ಪೆ ಎಳೆದು, “ರಗತ ಕಮ್ಮಿ ಅದ, ಶೇಂಗಾ ಬೆಲ್ಲ ತಿನ್ನು” ಎಂದು ತೀರ್ಪು ಕೊಡುತ್ತಿದ್ದರು. ಸಣ್ಣವಳಿದ್ದಾಗ ನನಗೆ ಅವರ ಬೆರಳು ಕಂಡರೆ ಓಡುವಷ್ಟು ಹೆದರಿಕೆ.

ದೊಡ್ಡವಳಾಗಿ ನರ್ಸಿಂಗ್ ಓದಿ, ಪಟ್ಟಣದ ಒಂದು ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ ಸೇರಿದೆ. ಹೊಸ ಔಷಧದ ಪರೀಕ್ಷೆಗೆ ಒಪ್ಪುವ ರೋಗಿಗಳಿಗೆ ತಿಳಿಸಿ ಹೇಳುವುದು, ಆಮೇಲೆ ಅವರಿಗಾದದ್ದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಒಂದು ದಿನ ಮಗ ದಸ್ತಗೀರನ ಹೆಗಲು ಹಿಡಿದುಕೊಂಡು ಒಳಗೆ ಬಂದವರು ಮಕ್ತುಮ ಕಾಕಾ. ಮೂತ್ರಪಿಂಡದ ಕ್ಯಾನ್ಸರ್, ಶ್ವಾಸಕೋಶಕ್ಕೆ ಹಬ್ಬಿತ್ತು. ನನ್ನನ್ನು ಗುರುತು ಹಿಡಿದವರೇ ಕಣ್ಣಿನ ರೆಪ್ಪೆಗೆ ಕೈ ಹಾಕಿದರು.

ಡಾಕ್ಟರು ಮರಾಠಿಯಲ್ಲಿ ಔಷಧದ ಗುಣಗಾನ ಶುರು ಮಾಡಿದರು. ಕಾಕಾ ಕೈ ಎತ್ತಿ ತಡೆದು ನನ್ನತ್ತ ತಿರುಗಿದರು.

“ಸಾಹೇಬ್ರಿಗಿ ಹೇಳ ಮಗಳ, ಐಬ ಮೊದ್ಲ ಹೇಳ್ರಿ ಅಂತ.”

ನಾನೇ ಹೇಳಿದೆ. “ಕಾಕಾ, ನಮ್ಮ ರಗತದಾಗ ಮೈ ಕಾಯೂ ಕಣ ಅದಾವ್ರಿ. ಅವು ನಮ್ಮ ಮೈಮ್ಯಾಲನ ಬೀಳಬಾರದಂತ ಅವನ್ನ ತಡದ ಹಿಡಿಯೂ ಕಣಾನೂ ಅದಾವ. ಈ ಕ್ಯಾನ್ಸರ್ ಗಂಟ ಭಾಳ ಶಾಣ್ಯಾ. ಆ ತಡೀನ ಬಳಸ್ಕೊಂಡು ಪಾರಾಗ್ಯಾದ. ಈ ಔಷಧ ತಡಿ ಸಡಲ ಮಾಡ್ತದ. ಕಾಯೂ ಕಣ ಗಂಟಿನ ಮ್ಯಾಲ ಬೀಳ್ತಾವ. ಆದ್ರ ಒಮ್ಮೊಮ್ಮಿ ಕರಳಿನ ಮ್ಯಾಲೂ ಬೀಳ್ತಾವ. ಅದ್ರಾಗ ಜೀವಾನೂ ಹೋಗಬಹುದು.”

“ಅಂದ್ರ ಹಗ್ಗ ಬಿಚ್ಚಿದ ನಾಯಿ. ತೋಳಾನೂ ಹಿಡೀತದ, ಕುರೀನೂ ಹಿಡೀತದ.” ಕಾಕಾ ಕಾಗದ ಹತ್ತಿರ ಎಳೆದುಕೊಂಡು, “ಈಗ ಸಹಿ ಎಲ್ಲಿ ಮಾಡ್ಲಿ ಹೇಳು” ಎಂದರು. ಹೊರಡುವಾಗ ಡಾಕ್ಟರಿಗೂ ಒಂದು ಮಾತು ಹೇಳಿಯೇ ಹೋದರು: “ಸಾಹೇಬ್ರ, ನಿಮ್ಮ ಕಣ್ಣ ಬಿಳಚ್ಯಾವ. ಹೊತ್ತಿಗಿ ಊಟ ಮಾಡ್ರಿ.”

ನಾಲ್ಕು ಸಲ ಔಷಧ ಏರಿಸುವ ಹೊತ್ತಿಗೆ ಗಂಟುಗಳು ಅರ್ಧಕ್ಕೆ ಇಳಿದಿದ್ದವು. ಸ್ಕ್ಯಾನ್ ಚಿತ್ರ ನೋಡಿದ ದಿನ ದಸ್ತಗೀರ ಆಸ್ಪತ್ರೆಯ ಎಲ್ಲರಿಗೂ ಪೇಢೆ ಹಂಚಿದ. ಐದನೆಯ ಸಲ ಬಂದಾಗ ಎಂದಿನಂತೆ ಹೊಟ್ಟೆ ಹೇಗಿದೆ ಎಂದು ಕೇಳಿದೆ.

“ದಿನಕ್ಕ ಎಂಟ ಸಲ ಹೊರಗ ಹೋಗಾಕತ್ತೀನಿ” ಎಂದರು ಕಾಕಾ.

ಭೇದಿ ದಿನಕ್ಕೆ ಏಳು ಸಲ ದಾಟಿದರೆ ಆ ಔಷಧ ಕಾಯಂ ನಿಲ್ಲಿಸಬೇಕೆಂಬುದು ಈ ಪರೀಕ್ಷೆಯ ನಿಯಮ. ಅದು ದಸ್ತಗೀರನಿಗೂ ಗೊತ್ತಿತ್ತು. “ಅಕ್ಕಾರ, ಮೂರ ಅಂತ ಬರೀರಿ. ಔಷಧ ನಿಂತ್ರ ಗಂಟ ಮತ್ತ ಬೆಳೀತಾವ” ಎಂದು ಕೈ ಮುಗಿದ. ನಾನು ಬುದ್ಧಿ ಹೇಳಬೇಕಿತ್ತು. ಹೇಳಲಿಲ್ಲ. ಅರ್ಧಕ್ಕಿಳಿದ ಆ ಗಂಟುಗಳೇ ಕಣ್ಣ ಮುಂದಿದ್ದವು. ಪೆನ್ನು ಮೂರು ಎಂದು ಬರೆದೇಬಿಟ್ಟಿತು.

ಕಾಕಾ ಕಾಗದದ ಮೇಲೆ ಬಾಗಿದರು. “ಇಂಗ್ಲಿಷ್ ಬರಾಂಗಿಲ್ಲ ನನಗ. ಅಂಕಿ ಬರ್ತದ.”

ನಾನು ಆ ಅಂಕಿಯ ಮೇಲೆ ಅಂಗೈ ಇಟ್ಟೆ.

“ನಾ ಒಬ್ಬಾಂವ ಉಳೀಲಿ ಅಂತ ಇದನ್ನ ಮುಚ್ಚಿಟ್ರ, ನಾಳಿ ಇದ ಔಷಧ ತಗೊಳ್ಳಾಂವಗ ಐಬ ಯಾರ ಹೇಳ್ತಾರ? ಎಂಟ ಅಂತ ಬರಿ.”

“ಅಬ್ಬಾ...” ಎಂದು ಅಪ್ಪನ ತೋಳು ಹಿಡಿದ ದಸ್ತಗೀರ.

“ನೀ ಸುಮ್ನಿರು. ಕುರಿ ವಿಷಯದಾಗ ಸುಳ್ಳ ಹೇಳಿಲ್ಲ, ಮನಶ್ಯಾನ ವಿಷಯದಾಗ ಹೇಳ್ಲಿ?”

ನಮ್ಮ ಕೆಲಸದಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಹಾಗೆಯೇ ಮಾಡಿದೆ. ಆ ಕಡತದಲ್ಲಿ ಗೀಟಿನ ಕೆಳಗೆ ನನ್ನ ಸುಳ್ಳು ಇವತ್ತಿಗೂ ಕಾಣುತ್ತದೆ, ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ಇನ್ನೊಂದು ಸಲ ಔಷಧ ಏರಿಸಿದ್ದರೆ ಕರುಳು ತೂತಾಗುತ್ತಿತ್ತೇನೋ ಎಂದು ಡಾಕ್ಟರು ಆಮೇಲೆ ಹೇಳಿದರು. ಅಂದರೆ ಪ್ರೀತಿಯಿಂದಲೇ ನಾನು ಅವರನ್ನು ಕೊಲ್ಲಲು ಹೊರಟಿದ್ದೆ.

ಔಷಧ ನಿಂತಿತು, ಕರುಳು ವಾಸಿಯಾಯಿತು. ಕಾಕಾ ಮಾತ್ರ ನಿಲ್ಲಲಿಲ್ಲ. ಯಾರ ಮೈಯಲ್ಲಿ ಕರುಳು ಹೀಗೆ ಕೆರಳುತ್ತದೆ ಎಂಬುದು ತಡೆಯುವ ಕಣಗಳ ಸಂಖ್ಯೆಯಿಂದ ಮೊದಲೇ ತಿಳಿಯಬಹುದೇ ಎಂದು ನಮ್ಮ ಪ್ರಯೋಗಾಲಯ ಹುಡುಕುತ್ತಿತ್ತು. ಅದಕ್ಕೆ ಪ್ರತಿ ತಿಂಗಳೂ ಅವರ ರಕ್ತ ಬೇಕಿತ್ತು. ಬೇಡವೆನ್ನುವ ಹಕ್ಕು ಅವರಿಗಿದೆ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. “ಐಬ ಕಂಡಾಂವನ ರಗತ ಅಲ್ಲೇನ ನಿಮಗ ಬೇಕಾಗಿದ್ದು?” ಎಂದು ಅವರು ತೋಳು ಚಾಚುತ್ತಿದ್ದರು. ಎರಡು ಬಸ್ಸು ಬದಲಿಸಿ, ಉರಿಬಿಸಿಲಿದ್ದರೂ ಒಂದು ತಿಂಗಳೂ ತಪ್ಪಿಸದೆ ಬಂದರು.

ಗಂಟುಗಳು ಎಂಟು ತಿಂಗಳು ಸುಮ್ಮನಿದ್ದು ಮತ್ತೆ ಬೆಳೆದವು. ಬೇರೆ ಔಷಧಗಳೂ ಕೈಕೊಟ್ಟವು. ಬಸ್ಸು ಹತ್ತುವ ಶಕ್ತಿ ಅವರಿಗಿಲ್ಲವಾದಾಗ ನಾನೇ ಕುಣಿಕೋಣೂರಿಗೆ ಹೋದೆ. ರಕ್ತ ತೆಗೆಯುವ ಪೆಟ್ಟಿಗೆಯನ್ನು ಬೇಕೆಂದೇ ಗಾಡಿಯಲ್ಲಿ ಬಿಟ್ಟು, ದಾಳಿಂಬೆ ಹಿಡಿದು ಒಳಗೆ ಹೋದೆ. ಕಾಕಾ ಹೊರಸಿನ ಮೇಲೆ ಗೋಡೆಗೆ ಒರಗಿದ್ದರು.

“ಹಣ್ಣ ಯಾಂವ ಕೇಳಿದ್ದ? ಬಾಟ್ಲಿ ಎಲ್ಲದಾವ?”

“ಇನ್ನ ಸಾಕರಿ ಕಾಕಾ.”

“ಸಾಕ ಅನ್ನಾಂವ ನಾನು. ನೀ ಅಲ್ಲ. ತಗೊಂಡ ಬಾ.”

ತಂದೆ. ನರ ಸಿಗಲಿಲ್ಲ. ಎರಡು ಸಲ ಚುಚ್ಚಿ ತಪ್ಪಿದೆ. “ಸಾವಕಾಶ ಮಾಡು. ಇವತ್ತಂತೂ ನಾ ಎಲ್ಲೂ ಹೋಗಾಂವಲ್ಲ” ಎಂದು ನಕ್ಕರು. ಮೂರನೆಯ ಸಲ ಸಿಕ್ಕಿತು. ಆ ರಕ್ತ ಮಧ್ಯಾಹ್ನದೊಳಗೆ ಪ್ರಯೋಗಾಲಯ ಸೇರಬೇಕು, ಇಲ್ಲದಿದ್ದರೆ ಅದರೊಳಗಿನ ಕಣಗಳು ಸಾಯುತ್ತವೆ. ಆದರೂ ನಾನು ಕುಳಿತೇ ಇದ್ದೆ. ಮುಂದಿನ ತಿಂಗಳು ಅವರಿರುವುದಿಲ್ಲವೆಂದು ನನಗೆ ಗೊತ್ತಿತ್ತು. ಕಾಕಾ ಬಾಗಿಲ ಕಡೆ ನೋಡಿದರು.

“ಬಿಸಲ ಏರಾಕತ್ತದ. ನನ್ನ ಮಾರಿ ನೋಡ್ಕೋತ ಕುಂತ್ರ ಬಾಟ್ಲ್ಯಾಗಿನ ಕಣ ಸಾಯ್ತಾವ. ಏಳ, ಲಗೂನ ಹೋಗು.”

ನಾನು ರಕ್ತದ ಬಾಟಲಿ ಹಿಡಿದು ಎದ್ದು ಹೋದೆ.